ಲಾಭ ಎಂದು ಬರೆದ ಸಾಲು

ವಿಜ್ಞಾನದ ಟೀಚರಾಗಿ ಮಕ್ಕಳ ತಪ್ಪು ತಿದ್ದಿದ್ದಕ್ಕೆ ಲೆಕ್ಕವಿಲ್ಲ. ಕೆಂಪು ಪೆನ್ನು ಹಿಡಿದರೆ ನನ್ನ ಕೈ ತಾನಾಗಿಯೇ ಓಡುತ್ತಿತ್ತು. ನನ್ನದೇ ಒಂದು ತಪ್ಪನ್ನು ಮಾತ್ರ ಇವತ್ತಿಗೂ ತಿದ್ದಲು ಆಗಿಲ್ಲ. ಮೂವತ್ತು ಸಾಲಿನ ಒಂದು ಕೋಷ್ಟಕದಲ್ಲಿ ಮೊದಲನೆಯ ಸಾಲನ್ನು ನಾನು ಕೈಬಿಟ್ಟೆ. ಅದಕ್ಕೆ ಬೇರೆ ಮಾತುಗಳೂ ಇವೆ, ತೆಗೆದೆ ಎನ್ನಬಹುದು, ಅಳಿಸಿದೆ ಎನ್ನಬಹುದು. ಆದರೆ ಆ ಸಾಲು ಒಬ್ಬ ಹುಡುಗಿಯ ಬಲಗೈಯದು. ಆದ್ದರಿಂದ ಕೈಬಿಟ್ಟೆ ಎಂದೇ ಬರೆಯುತ್ತೇನೆ.

ಜಿಲ್ಲೆ ಹೊಸದಾಗಿ ಬೇರೆಯಾಗಿ ಐದಾರು ವರ್ಷವಾಗಿದ್ದ ಕಾಲ. ನಾನು ಜಮಖಂಡಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬನಹಟ್ಟಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತವರು ಬೀಳಗಿ ಕಡೆ ಹೊಳೆದಂಡೆಯ ಹಳ್ಳಿ. ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಇಡೀ ಊರನ್ನು ಎತ್ತಿ ಮೇಲಿನ ಬಯಲಿಗೆ ಹಾಕಿದ್ದರು. ನಮ್ಮ ಮನೆಯ ಬಾಗಿಲು, ತೊಲೆ ಕಿತ್ತು ಟ್ರ್ಯಾಕ್ಟರಿಗೆ ಏರಿಸುವಾಗ ಮನೆಮಂದಿಯೆಲ್ಲ ಅತ್ತರು. ನಾನು ಅಳಲಿಲ್ಲ. ಹಗ್ಗ ಬಿಗಿಯಾಗಿದೆಯೋ ಇಲ್ಲವೋ ನೋಡಿದೆ. ಬಳಗದವರು "ಗಟ್ಟಿ ಹೆಣಮಗಳು" ಎಂದರು, ನಾನೂ ಹಾಗೇ ಅಂದುಕೊಂಡೆ. ಆಮೇಲೆ ಬಹಳ ವರ್ಷ ನನಗೆ ಯಾವುದೂ ಮುಟ್ಟುತ್ತಿರಲಿಲ್ಲ. ಹಬ್ಬ ಬಂದರೆ ಹೋಳಿಗೆ ಮಾಡುತ್ತಿದ್ದೆ, ಸತ್ತವರ ಮನೆಗೆ ಹೋಗಿ ಕೂತು ಬರುತ್ತಿದ್ದೆ, ಎರಡೂ ಒಂದೇ ತರಹದ ಕೆಲಸ. ಕಾಲಿಗೆ ಜೋಮು ಹಿಡಿದಾಗ ನೆಲ ಎಲ್ಲಿದೆಯೆಂದು ಕಣ್ಣಿನಿಂದ ನೋಡಿ ಹೆಜ್ಜೆ ಇಡಬೇಕಾಗುತ್ತದಲ್ಲ, ನಾನು ಹಾಗೆ ನಡೆಯುತ್ತಿದ್ದೆ. ಇದನ್ನು ನೆಪವೆಂದು ಹೇಳುತ್ತಿಲ್ಲ. ಆಗ ನಾನು ಹೇಗಿದ್ದೆ ಎಂಬುದು ಓದುವವರಿಗೆ ಗೊತ್ತಿರಲಿ ಎಂದಷ್ಟೇ.

ಕೆಲಸದಲ್ಲಿ ಮಾತ್ರ ಚುರುಕಾಗಿದ್ದೆ. ಹತ್ತನೆಯ ತರಗತಿಯವರು ಪ್ರಯೋಗ ಮಾಡಿ ಅಂಕಿ ಬರೆದುಕೊಂಡು ಬರುತ್ತಿದ್ದರು, ಆದರೆ ಆ ಅಂಕಿಗಳನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಕೂಡಿಸು, ಭಾಗಿಸು, ಸರಾಸರಿ ಬಂತು, ಅಡಿಗೆರೆ ಎಳೆ, ಮುಗಿಯಿತು. ಸರಾಸರಿಯ ಕೆಳಗೆ ಎರಡು ಗೆರೆ ಎಳೆದರೆ ಅದು ಇನ್ನೂ ಖರೆ ಆಗುತ್ತದೆ ಎಂದು ಅವರ ನಂಬಿಕೆ. ಹೀಗಾಗಿ ಪಾಠ ಬಿಟ್ಟು ನಾಲ್ಕು ದಿನ ಅದನ್ನೇ ಕಲಿಸಿದೆ.

ಬೋರ್ಡಿನ ಮೇಲೆ ನನ್ನ ಬಸ್ಸಿನ ಅಂಕಿ ಬರೆದೆ. ಹೋದ ಚಳಿಗಾಲದ ಐದು ದಿನ ಬಸ್ಸು ಎಷ್ಟು ನಿಮಿಷ ತಡವಾಗಿತ್ತು ಎಂದು. ಎಂಟು, ಹತ್ತು, ಒಂಬತ್ತು, ಹನ್ನೊಂದು, ಎಪ್ಪತ್ತೆರಡು. ಕೂಡಿಸಿದರು, ನೂರಾಹತ್ತು. ಐದರಿಂದ ಭಾಗಿಸಿದರು, ಇಪ್ಪತ್ತೆರಡು.

"ಹಂಗಾದರ ಬಸ್ಸು ಇಪ್ಪತ್ತೆರಡು ನಿಮಿಷ ತಡಾ ಬರ್ತೈತಿ ಅನ್ನೂಣೇನು?" ಎಂದು ಕೇಳಿದೆ.

"ಇಲ್ರಿ ಅಕ್ಕಾರ, ಒಂದ ದಿನಾನೂ ಹಂಗ ಬಂದಿಲ್ಲಲ್ರಿ" ಎಂದರು. ನಮ್ಮ ಕಡೆ ಟೀಚರಮ್ಮನನ್ನು ಅಕ್ಕಾರ ಎನ್ನುತ್ತಾರೆ.

ಆಮೇಲೆ ಅಂಕಿಗಳನ್ನು ಪ್ರಾರ್ಥನೆಯ ಸಾಲಿನ ಹಾಗೆ ಗಿಡ್ಡವರಿಂದ ಎತ್ತರದವರವರೆಗೆ ನಿಲ್ಲಿಸಿ ನಡುವಿನವನನ್ನು ಕರೆಯಿರಿ ಎಂದೆ. ಹತ್ತು ಬಂತು. ಇದು ಮಧ್ಯಾಂಕ, ಇದು ಬಸ್ಸಿನ ನಿಜವಾದ ಬುದ್ಧಿ ಎಂದೆ. ಎಂಟರಿಂದ ಎಪ್ಪತ್ತೆರಡರವರೆಗೆ ಎಷ್ಟು ಅಗಲ ಚದುರಿದೆ, ಅದು ವ್ಯಾಪ್ತಿ ಎಂದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು, "ಆ ಎಪ್ಪತ್ತೆರಡನ್ನ ತಗದ ಬಿಡೂಣ್ರಿ, ಎಲ್ಲಾ ಸರಿ ಆಕೈತಿ" ಎಂದಳು.

ನನಗೆ ಸಿಟ್ಟು ಬಂತು. "ತಗೀಬ್ಯಾಡ. ಗುಂಪು ಬಿಟ್ಟು ದೂರ ನಿಂತೈತಲ್ಲ, ಮೊದಲ ಅದರ ಮನಿಗೆ ಹೋಗಿ ಬಾ. ಯಾಕ ಹಂಗಾತು ಕೇಳು. ಕೇಳಿದ ಮ್ಯಾಲ ಇಡೂದೋ ತಗಿಯೂದೋ ಹೇಳು" ಎಂದೆ. ಆ ದಿನ ಕಬ್ಬಿನ ಟ್ರ್ಯಾಕ್ಟರು ರಸ್ತೆಗೆ ಅಡ್ಡ ಮಗುಚಿತ್ತು. ಎಪ್ಪತ್ತೆರಡು ಸುಳ್ಳಲ್ಲ, ಅದಕ್ಕೊಂದು ಕಾರಣವಿದೆ ಎಂದು ಹೇಳಿ ಬೋರ್ಡಿನ ಮೇಲೆ ಆ ಅಂಕಿಗೆ ಒಂದು ಸುತ್ತು ಹಾಕಿದೆ. ಬಹಳ ಛಲೋ ಪಾಠ ಮಾಡಿದೆನೆಂದು ಅವತ್ತು ನನಗೆ ಅನಿಸಿತ್ತು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಬದನೆಕಾಯಿಯ ಸರದಿ ಮುಂದಿನ ತಿಂಗಳು ಬಂತು.

ವಿಜ್ಞಾನ ಪ್ರದರ್ಶನಕ್ಕೆ ಏನು ಮಾಡುವುದೆಂದು ಕೇಳಿದಾಗ ಆ ಹುಡುಗಿ ಎದ್ದು ನಿಂತಳು. ಬನಹಟ್ಟಿಯ ನೇಕಾರರ ಮನೆಯವಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲಿನ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಕಿರುಬೆರಳು ಉಂಗುರಬೆರಳಿನಲ್ಲಿ ಎಳೆಗಳ ಹಿಡಿಯನ್ನು ಅದುಮಿಕೊಂಡು ಹೆಬ್ಬೆರಳು ತೋರುಬೆರಳಿನಲ್ಲಿ ಹೊಸೆಯುತ್ತ ಹೋಗಬೇಕು. ಇವಳು ಅದರಲ್ಲಿ ಎಷ್ಟು ಹೆಸರಾಗಿದ್ದಳೆಂದರೆ ಓಣಿಯ ಬೇರೆ ಮನೆಯವರೂ ಶಾಲೆ ಬಿಡುವುದನ್ನೇ ಕಾಯುತ್ತಿದ್ದರು. ಹತ್ತನೆಯ ತರಗತಿ ಮುಗಿಸಿ ಮನೆಯ ಮಗ್ಗದ ಮೇಲೆ ತಾನೇ ಕೂರಬೇಕು, ತಾನು ಕೆಚ್ಚಿದ ಹಾಸಿನಿಂದ ತಾನೇ ಸೀರೆ ನೇಯಬೇಕು ಎಂಬುದು ಅವಳ ಆಸೆ. ಅವಳಿಗೆ ಬೇರೇನೂ ಬೇಕಾಗಿರಲಿಲ್ಲ.

"ಅಕ್ಕಾರ, ಕರೆಂಟ್ ಹೋದರೂ ನಾ ಕೆಚ್ಚತೇನ್ರಿ. ಬೆರಳಿಗೇ ತಿಳೀತೈತಿ" ಎಂದಳು. "ಮಗ್ಗದವರ ಬೆರಳಿಗೆ ಹೊಲದಾಗ ದುಡಿಯೋರ ಬೆರಳಿಗಿಂತ ಹೆಚ್ಚ ತಿಳೀತೈತೇನ್ರಿ?"

ಇಷ್ಟು ವರ್ಷದ ನೌಕರಿಯಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಆ ಹೊತ್ತು ನನ್ನೊಳಗೆ ಏನೋ ಸ್ವಲ್ಪ ಅಲ್ಲಾಡಿತು, ಅಷ್ಟೇ.

ಮೂವರು ಹುಡುಗಿಯರ ಗುಂಪಾಯಿತು. ಇವಳು, ಚಿಮ್ಮಡದಿಂದ ಬರುತ್ತಿದ್ದ ಒಕ್ಕಲುತನದ ಮನೆಯವಳು, ತೇರದಾಳದ ಕಾಳಿನ ಅಂಗಡಿಯವರ ಮಗಳು. ಪ್ರಯೋಗಕ್ಕೆ ಖರ್ಚೇ ಇಲ್ಲ. ತುರುಬಿಗೆ ಹಾಕುವ ಪಿನ್ನೊಂದನ್ನು ಬಗ್ಗಿಸಿ ಎರಡು ತುದಿಗಳ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ಅಳೆಯಬೇಕು. ಎದುರಿನವರು ಕಣ್ಣು ಮುಚ್ಚಬೇಕು. ಎರಡೂ ತುದಿಯನ್ನು ಒಟ್ಟಿಗೆ ಮುಟ್ಟಿಸಿ ಒಂದೋ ಎರಡೋ ಎಂದು ಕೇಳಬೇಕು. ಅಂತರ ಕಡಿಮೆ ಮಾಡುತ್ತ ಹೋದರೆ ಒಂದು ಹಂತದಲ್ಲಿ ಎರಡು ತುದಿ ಒಂದೇ ಎಂದು ಅನಿಸುತ್ತದೆ. ಎರಡು ಎಂದು ಹೇಳಲು ಬೇಕಾದ ಅತಿ ಕಡಿಮೆ ಅಂತರವನ್ನು ಮಿಲಿಮೀಟರಿನಲ್ಲಿ ಬರೆಯಬೇಕು. ತೋರುಬೆರಳ ತುದಿ, ಅಂಗೈ, ಮುಂಗೈ, ಮೂರೂ ಜಾಗದಲ್ಲಿ ಮೂರು ಮೂರು ಸಲ. ನಡುನಡುವೆ ಬೇಕಂತಲೇ ಒಂದೇ ತುದಿ ಮುಟ್ಟಿಸಿರಿ, ಇಲ್ಲವಾದರೆ ಕೆಲವರು ಲೆಕ್ಕ ಹಾಕಿ ಎರಡು ಎಂದುಬಿಡುತ್ತಾರೆ ಎಂದು ಹೇಳಿಕೊಟ್ಟೆ. ಮಗ್ಗದ ಮನೆಯ ಹದಿನೈದು ಮಕ್ಕಳು, ಹೊಲದ ಮನೆಯ ಹದಿನೈದು ಮಕ್ಕಳು. ಹೆಸರು ಬೇಡ, ಕ್ರಮಸಂಖ್ಯೆ ಸಾಕು ಎಂದೆ. ಹೆಸರು ಬೇಡ ಎಂದವಳು ನಾನೇ.

ಗಣಪತಿ ಕೂತ ವಾರ ಅದು. ಊಟದ ಬಿಡುವಿನಲ್ಲಿ ವರಾಂಡದಲ್ಲಿ ಮೂವರೂ ಕೂತು ಒಬ್ಬೊಬ್ಬರನ್ನೇ ಕರೆದು ಚುಚ್ಚುತ್ತಿದ್ದರು. ಮೊದಲು ತಮ್ಮ ಮೇಲೆಯೇ ಮಾಡಿಕೊಂಡರಂತೆ. ತೇರದಾಳದವಳು ಬರೆಯುವವಳು. ಹುಟ್ಟಿದಾಗಿನಿಂದ ಕಾಳು ಅಳೆಯುವುದನ್ನು ನೋಡಿದವಳು. ನಮ್ಮ ಕಡೆ ಕಾಳು ಅಳೆಯುವಾಗ ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು, ನಾಲ್ಕು. ಅವಳು ನಗುತ್ತ ನೋಟುಬುಕ್ಕಿನ ಮೊದಲನೆಯ ಸಾಲಿನ ಕ್ರಮಸಂಖ್ಯೆಯಲ್ಲೂ ಲಾಭ ಎಂದೇ ಬರೆದಿದ್ದಳು. ಅದರ ಕೆಳಗೆ ಎರಡು, ಮೂರು, ನಾಲ್ಕು, ಹೀಗೆ ಮೂವತ್ತರವರೆಗೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ಕೋಷ್ಟಕವನ್ನು ದೊಡ್ಡ ಹಾಳೆಗೆ ಇಳಿಸಲು ಕೂತೆ. ಸೋಮವಾರ ಹಾಳೆ ತಾಲೂಕು ಪ್ರದರ್ಶನಕ್ಕೆಂದು ಜಮಖಂಡಿಗೆ ಹೋಗಬೇಕಿತ್ತು. ಎರಡು ಗಂಟೆಗೆ ನನ್ನ ಬಸ್ಸು. ಉಳಿದಿಬ್ಬರು ಬಣ್ಣದ ಪೆನ್ನು ತರಲು ಅಂಗಡಿಗೆ ಹೋಗಿದ್ದರು, ನೇಕಾರರ ಹುಡುಗಿ ಮಾತ್ರ ನನ್ನ ಪಕ್ಕ ಅಳತೆಪಟ್ಟಿ ಹಿಡಿದು ನಿಂತಿದ್ದಳು. ನೋಟುಬುಕ್ಕು ತೆರೆದೆ. ಮೇಲೆ ಲಾಭ ಎಂದಿತ್ತು. ಆ ಸಾಲಿನ ಮುಂಗೈಯ ಮನೆಗಳಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

ಲಾಭ ಎಂದರೆ ಒಂದು ಎಂದು ನನಗೆ ಗೊತ್ತಿರಲಿಲ್ಲವೆಂದು ಹೇಳಿದರೆ ನಾಲಿಗೆ ಬಿದ್ದುಹೋಗಲಿ. ನಮ್ಮಜ್ಜಿ ಜೋಳ ಅಳೆಯುತ್ತ ಅಂದದ್ದನ್ನು ಕೇಳಿಯೇ ನಾನು ಎಣಿಕೆ ಕಲಿತದ್ದು. ಆದರೆ ಕಿವಿಯಿಂದ ಕೇಳಿದ್ದನ್ನು ಹಾಳೆಯ ಮೇಲೆ ಕಂಡಾಗ ಅದು ಅಂಗಡಿಯವರು ಪುಸ್ತಕದ ತುದಿಗೆ ಬರೆಯುವ ಶುಭ ಲಾಭದ ಹಾಗೆ ಕಂಡಿತು. ಮುಂದೆ ಸೊನ್ನೆಗಳಿದ್ದವು, ಶುರುವಿಗೆ ಸುಮ್ಮನೆ ತುಂಬಿದ ಸಾಲು ಎಂದುಕೊಂಡೆ. ಎರಡು ತುದಿಯ ನಡುವೆ ಸೊನ್ನೆ ಅಂತರವಿದ್ದರೆ ಅದು ಒಂದೇ ತುದಿ, ಅದನ್ನು ಯಾರೂ ಎರಡು ಎನ್ನಲು ಸಾಧ್ಯವಿಲ್ಲ, ಹೀಗಾಗಿ ಈ ಅಂಕಿಯೇ ತಪ್ಪು ಎಂದು ಲೆಕ್ಕವೂ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಅದೇ ಸಾಲಿನ ಬೆರಳ ತುದಿಯ ಮನೆಗಳಲ್ಲಿ ಎರಡು, ಎರಡು, ಎರಡು ಎಂದಿತ್ತು. ಅಂಗೈಯಲ್ಲೂ ಸರಿಯಾದ ಅಂಕಿಗಳಿದ್ದವು. ಸುಮ್ಮನೆ ತುಂಬುವವರು ಹಾಗೆ ಬರೆಯುವುದಿಲ್ಲ. ಕಣ್ಣು ಒಂದು ಗೇಣು ಎಡಕ್ಕೆ ಹೋಗಿದ್ದರೆ ಸಾಕಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆ ಸೊನ್ನೆ ಸೇರಿಸಿದರೆ ಮಗ್ಗದವರ ಮುಂಗೈಯ ಸರಾಸರಿ ಮೂವತ್ತಾರರಿಂದ ಮೂವತ್ತಮೂರೂವರೆಗೆ ಇಳಿಯುತ್ತಿತ್ತು. ಮುಂಗೈಯಲ್ಲಿ ಎರಡೂ ಗುಂಪು ಸಮ ಬಂದಿದ್ದ ಸ್ತಂಭಚಿತ್ರ ಕೆಡುತ್ತಿತ್ತು. ಚಿತ್ರ ಕೆಡಬಾರದೆಂಬುದು ನನಗೆ ಬೇಕಾಗಿತ್ತು.

ಸಾಲು ಬಿಟ್ಟು ಎರಡರಿಂದ ಬರೆಯತೊಡಗಿದೆ.

"ಅಕ್ಕಾರ, ಲಾಭಾ ಬಿಟ್ರೇನ್ರಿ?" ಎಂದಳು ಹುಡುಗಿ.

"ಅದು ಎಣಿಕಿಗೆ ಇಲ್ಲವಾ. ಬರೇ ಶುರುವಾತಿಗೆ ಹಾಕಿದ್ದು."

ಅವಳು ಅಳತೆಪಟ್ಟಿಯನ್ನು ಎರಡನೆಯ ಸಾಲಿನ ಕೆಳಗೆ ಇಟ್ಟಳು. "ಹೌದ್ರಿ" ಎಂದಳು.

ಬರೆದು ಮುಗಿಸಿದಾಗ ಇಪ್ಪತ್ತೊಂಬತ್ತೇ ಆದವು. ಮಗ್ಗದವರು ಹದಿನಾಲ್ಕು, ಹೊಲದವರು ಹದಿನೈದು. ಒಂದು ಕಡಿಮೆ ಬಿತ್ತಲ್ಲ, ಯಾಕೆ ಎಂದು ಕೇಳಬೇಕಾದವಳು ನಾನು. ಗಡಿಯಾರ ನೋಡಿದೆ. ಸೀರೆಯ ಸೆರಗು ಸರಿಸಿ ನನ್ನ ಬಲಗೈ ಚಾಚಿದೆ. "ಬಾ, ನನಗಽ ಹಚ್ಚು. ಮೂವತ್ತ ಆಗಲಿ" ಎಂದೆ. ಕಣ್ಣು ಮುಚ್ಚಿದೆ. ಅವಳು ಪಿನ್ನು ಹಚ್ಚಿದಳು. ಅವಳ ಕೈ ಅಲ್ಲಾಡುತ್ತಿರಲಿಲ್ಲ, ಎರಡೂ ತುದಿ ಒಂದೇ ಸಮನೆ ಚರ್ಮಕ್ಕೆ ತಾಗುತ್ತಿದ್ದವು. ನಾನು ಒಂದು, ಎರಡು ಎನ್ನುತ್ತ ಹೋದೆ. ಮೂವತ್ತೆಂಟು, ನಲವತ್ತೊಂದು, ಮೂವತ್ತೆಂಟು. ಸರಾಸರಿ ಮೂವತ್ತೊಂಬತ್ತು. ಬೆರಳು, ಅಂಗೈಯೂ ಆಯಿತು. ಮಗ್ಗ ಎಂದರೆ ಏನೆಂದು ನೋಡಿದ್ದೇ ಹೊರತು ಮುಟ್ಟದವಳು ನಾನು, ಹೊಳೆದಂಡೆಯ ಒಕ್ಕಲಿಗರ ಮಗಳು. ನನ್ನ ಕೈಯನ್ನು ಮಗ್ಗದವರ ಗುಂಪಿಗೆ ಬರೆದು ಮೂವತ್ತು ಮಾಡಿ ಎರಡರ ಬಸ್ಸು ಹಿಡಿದೆ.

ತಾಲೂಕಿನಲ್ಲಿ ನಮಗೆ ಮೊದಲ ಸ್ಥಾನ ಬಂತು. ದೀಪಾವಳಿ ಆದ ಮೇಲೆ ಜಿಲ್ಲೆಗೆ ಹೋದೆವು. ಮಗ್ಗದವರ ಬೆರಳ ತುದಿಯ ಸರಾಸರಿ ಎರಡು ಚಿಲ್ಲರೆ ಮಿಲಿಮೀಟರು, ಹೊಲದವರದು ಮೂರರ ಹತ್ತಿರ. ಆದರೆ ಎರಡೂ ಗುಂಪಿನ ವ್ಯಾಪ್ತಿ ಒಂದರ ಮೇಲೊಂದು ಬಿದ್ದಿದೆ, ಮಗ್ಗದವರಲ್ಲೂ ಮಂದ ಬೆರಳಿನವರಿದ್ದಾರೆ, ಹೊಲದವರಲ್ಲೂ ಚುರುಕು ಬೆರಳಿನವರಿದ್ದಾರೆ, ಆದ್ದರಿಂದ ಇದೇ ಖರೆ ಎಂದು ಗಂಟು ಹಾಕಲಾಗದು, ಇನ್ನೂ ಹೆಚ್ಚು ಮಂದಿಯನ್ನು ನೋಡಬೇಕು ಎಂದು ನೇಕಾರರ ಹುಡುಗಿ ಕಡ್ಡಿ ಹಿಡಿದು ಹೇಳಿದಳು. ಒಂದಕ್ಷರ ತಪ್ಪಲಿಲ್ಲ. ನೋಡಲು ಬಂದ ನಿರ್ಣಾಯಕರೊಬ್ಬರು, "ಅಂಕಿ ಭಾಳ ಸ್ವಚ್ಛ ಅದಾವ" ಎಂದು ನನ್ನ ಕಡೆ ನೋಡಿ ತಲೆದೂಗಿದರು. ಬಹುಮಾನವೆಂದು ಒಂದು ಸ್ಟೀಲಿನ ಡಬ್ಬಿ ಕೊಟ್ಟರು, ಅದನ್ನು ಅವಳು ಮನೆಗೆ ಒಯ್ದಳು.

ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಅವಳು ಬಲ ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಏನಾಯಿತೆಂದು ಕೇಳಿದೆ.

"ರೊಟ್ಟಿ ಬಡಿವಾಗ ಹಂಚ ತಾಗೇತ್ರಿ. ತಾಗಿದ್ದು ಗೊತ್ತಾಗಲಿಲ್ರಿ, ವಾಸನಿ ಬಂದ ಮ್ಯಾಲ ನೋಡೇನಿ."

ಮುಲಾಮು ಹಚ್ಚಿಕೋ ಎಂದೆ. ಬಟ್ಟೆಯ ಪಕ್ಕದಲ್ಲಿ ಚರ್ಮ ಸ್ವಲ್ಪ ಬೆಳ್ಳಗಾಗಿದ್ದು ಕಂಡಿತು. ಚಿಬ್ಬು ಆಗಿರಬೇಕು ಎಂದುಕೊಂಡೆ. ಅದೇ ತಿಂಗಳು ರೋಗಗಳ ಪಾಠ ಮಾಡಿದ್ದೆ. ಮುಟ್ಟಿದರೆ ತಿಳಿಯದ, ನೋಯದ ತಿಳಿಬಣ್ಣದ ಮಚ್ಚೆ ಇದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂಬ ಸಾಲಿನ ಕೆಳಗೆ ಎಲ್ಲರಿಂದ ಗೆರೆ ಎಳೆಸಿದ್ದೆ. ಪರೀಕ್ಷೆಗೆ ಬರುತ್ತದೆ ಎಂದು ಹೇಳಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನನಗೆ ಕನ್ನಡಿ ಹಿಡಿದು ತೋರಿಸಿದರೂ ಕಾಣುತ್ತಿರಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆಯ ಪ್ರವೇಶಪತ್ರ ಕೊಡುವಾಗ ಅವಳು ಸಹಿ ಮಾಡಲು ಬಗ್ಗಿದಳು. ಪೆನ್ನು ಹಿಡಿದ ಕೈಯ ಕಿರುಬೆರಳು, ಉಂಗುರಬೆರಳು ಒಳಕ್ಕೆ ಮಡಚಿಕೊಂಡಿದ್ದವು. "ಬೆರಳ ಬಿಚ್ಚವಾ" ಎಂದೆ. ಅವಳು ಎಡಗೈಯಿಂದ ಆ ಎರಡನ್ನೂ ಎತ್ತಿ ಬಿಚ್ಚಿದಳು. ಬಿಟ್ಟ ಕೂಡಲೇ ಮತ್ತೆ ಮಡಚಿದವು.

"ಕೆಚ್ಚಾಕ ಆಗವಲ್ತ್ರಿ ಅಕ್ಕಾರ. ಎಳಿ ಜಾರಿ ಬೀಳ್ತಾವ. ಬಿದ್ದದ್ದ ತಿಳಿಯಂಗಿಲ್ಲ" ಎಂದಳು.

ಸ್ಟಾಫ್ ರೂಮಿನ ಕಪಾಟಿನಿಂದ ಆ ನೋಟುಬುಕ್ಕು ತೆಗೆದೆ. ಆಗ ಮೊದಲ ಸಲ ಆ ಸಾಲನ್ನು ಎಡದಿಂದ ಬಲಕ್ಕೆ ಪೂರ್ತಿ ಓದಿದೆ. ಲಾಭ. ಮಗ್ಗ. ಬೆರಳಿಗೆ ಎರಡು, ಎರಡು, ಎರಡು. ಮುಂಗೈಗೆ ಮೂರು ಸೊನ್ನೆ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣಗೆ ಒಂದು ಮಾತು ಬರೆದಿತ್ತು: "ಒಂದೂ ಅನ್ನಲಿಲ್ಲ, ಎರಡೂ ಅನ್ನಲಿಲ್ಲ." ಬರೆದವಳಿಗೆ ಅದನ್ನು ಕೋಷ್ಟಕದಲ್ಲಿ ಹೇಗೆ ತುಂಬಬೇಕೆಂದು ಗೊತ್ತಿರಲಿಲ್ಲ, ಸೊನ್ನೆ ಹಾಕಿದಳು. ತಿಳಿಯಲಿಲ್ಲ ಎಂಬುದಕ್ಕೆ ಸೊನ್ನೆ ಬರೆಯಬಾರದು, ಖಾಲಿ ಬಿಟ್ಟು ಕಾರಣ ಬರೆಯಬೇಕು ಎಂದು ನಾನು ಕಲಿಸಿರಲಿಲ್ಲ. ಆದರೂ ಅವಳು ಕಾರಣ ಬರೆದಿದ್ದಳು. ಅದರ ಕೆಳಗೆ ತಾರೀಖೂ ಇತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮರುದಿನವೇ ಅವಳನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಸರಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಂಗೈ ಮುಟ್ಟಿದರು. ಎಲ್ಲಿ ಮುಟ್ಟಿದೆ ತೋರಿಸು ಎಂದರು. ಅವಳು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು, ಇನ್ನೂ ಮುಟ್ಟಿಲ್ಲವೆಂದು. ಅವರು ನಾಲ್ಕು ಕಡೆ ಮುಟ್ಟಿ ಮುಗಿಸಿದ್ದರು. ಮೊಣಕೈಯ ಹಿಂದೆ ಒತ್ತಿದರು, ನರ ಹಗ್ಗದ ಹಾಗೆ ದಪ್ಪಗಾಗಿದೆ ಎಂದರು. ಕುಷ್ಠ ಎಂದು ರೋಗದ ಹೆಸರನ್ನು ಮೆಲ್ಲಗೆ ಹೇಳಿದರು. ತಾಯಿ ಎದೆ ಹಿಡಿದುಕೊಂಡು, "ದೊಡ್ಡ ರೋಗರೀ? ನಮ್ಮ ಕೂಸಿಗರೀ?" ಎಂದಳು.

ಡಾಕ್ಟರು ಒಳ್ಳೆಯವರು, ಕೂತು ತಿಳಿಸಿ ಹೇಳಿದರು. ಒಂದು ವರ್ಷ ಗುಳಿಗೆ ತಪ್ಪದೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ, ಯಾರಿಗೂ ಅಂಟುವುದಿಲ್ಲ, ಮದುವೆ ಮಕ್ಕಳಿಗೆ ಏನೂ ಅಡ್ಡಿಯಿಲ್ಲ, ಗುಳಿಗೆ ಪುಕ್ಕಟೆ ಎಂದರು. "ಆದರ ನರ ಕೆಟ್ಟು ಆರು ತಿಂಗಳ ಒಳಗ ಬಂದಿದ್ದರ ಬೆರಳ ತಿರುಗಿ ಬರೂ ಸಾಧ್ಯತೆ ಇತ್ತು. ಯಾವಾಗಿಂದ ತಿಳಿಯವಲ್ದು?" ಎಂದು ಕೇಳಿದರು.

"ಈಗೀಗರೀ. ಚಿಬ್ಬ ಅಂದಕೊಂಡಿದ್ವಿ" ಎಂದಳು ತಾಯಿ.

ಯಾವಾಗಿನಿಂದ ಎಂಬುದು ನನ್ನ ಚೀಲದಲ್ಲಿತ್ತು. ಮೂರು ಸಲ ಪರೀಕ್ಷಿಸಿ, ತಾರೀಖು ಹಾಕಿ ಬರೆದದ್ದು. ಏಳು ತಿಂಗಳಾಗುತ್ತ ಬಂದಿತ್ತು. ನಾನು ಬಾಯಿ ಬಿಡಲಿಲ್ಲ. ಹುಡುಗಿ ಒಂದು ಸಲ ನನ್ನ ಕಡೆ ನೋಡಿ ನೆಲ ನೋಡಿದಳು. ಹೆದರಿದ್ದೆ, ಅದು ನಿಜ. ಆದರೆ ಹೆದರಿಕೆಯೂ ನನಗೆ ಸರಿಯಾಗಿ ಮುಟ್ಟಿರಲಿಲ್ಲ. ಹೊರಗೆ ಬಂದು ಮೂವರಿಗೂ ಚಹಾ ಹೇಳಿದೆ, ಕುಡಿದೆವು, ಬಸ್ಸು ಹತ್ತಿದೆವು.

ಒಂದು ವರ್ಷ ತಿಂಗಳಿಗೊಮ್ಮೆ ಗುಳಿಗೆಯ ಪಟ್ಟಿ ತರಲು ನಾನೂ ಅವಳ ಜೊತೆ ಹೋದೆ. ಓಣಿಗೆ ಗೊತ್ತಾಗಬಾರದೆಂದು ತಾಯಿ ಬೇಡಿಕೊಂಡಿದ್ದಳು. ಟೀಚರ ಜೊತೆ ಹೋಗುತ್ತಾಳೆಂದರೆ ಯಾರೂ ಕೇಳುತ್ತಿರಲಿಲ್ಲ. ರೋಗ ಹೋಯಿತು. ಬೆರಳು ತಿರುಗಿ ಬರಲಿಲ್ಲ. ಆ ನಂತರ ನನಗೆ ಮುಧೋಳಕ್ಕೆ ವರ್ಗವಾಯಿತು, ರನ್ನ ಬೆಳಗಲಿ ಕಡೆಯ ಮಕ್ಕಳು ಬರುತ್ತಿದ್ದ ಶಾಲೆ. ಅಲ್ಲಿಯೂ ಬಸ್ಸಿನ ಎಪ್ಪತ್ತೆರಡನ್ನೇ ಹೇಳಿ ಸರಾಸರಿ ಕಲಿಸಿದೆ. ಒಂದನ್ನು ಮಾತ್ರ ಬದಲಿಸಿದೆ. ಕ್ರಮಸಂಖ್ಯೆಯ ಪಕ್ಕ ಹೆಸರು ಬರೆಯದ ಕೋಷ್ಟಕವನ್ನು ನಾನು ಮುಟ್ಟುತ್ತಿರಲಿಲ್ಲ. ಹೊಸ ಟೀಚರುಗಳು ನಕ್ಕು, "ಮೇಡಮ್ಮರಿಗೆ ಹೆಸರಿನ ಹುಚ್ಚು" ಎನ್ನುತ್ತಿದ್ದರು.

ಮತ್ತೆ ಅವಳು ಕಂಡದ್ದು ಹತ್ತು ಹನ್ನೆರಡು ವರ್ಷದ ನಂತರ, ತೇರದಾಳದ ಬಸ್‌ಸ್ಟ್ಯಾಂಡಿನಲ್ಲಿ, ಮಟಮಟ ಮಧ್ಯಾಹ್ನ. ನಾನು ಗುರುತು ಹಿಡಿಯುವ ಮೊದಲೇ "ಅಕ್ಕಾರ" ಎಂದಳು. ಮೈ ತುಂಬಿಕೊಂಡಿದ್ದಳು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಬೆಂಚಿನ ಮೇಲೆ ಪಕ್ಕ ಪಕ್ಕ ಕೂತೆವು. ಮದುವೆಯಾಗಿದೆ, ಮಗಳು ಎರಡನೆಯ ತರಗತಿ, ಪವರ್‌ಲೂಮಿನವರ ಹತ್ತಿರ ಸೀರೆ ಮಡಿಕೆ ಹಾಕುವ ಕೆಲಸ ಮಾಡುತ್ತೇನೆ ಎಂದಳು. ಮಗ್ಗದ ಮಾತನ್ನು ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ.

ಆಮೇಲೆ ಹೇಳಿದೆ. ತಯಾರಿ ಮಾಡಿಕೊಂಡು ಹೇಳಿದ್ದಲ್ಲ, ಬಾಯಿಗೆ ಬಂತು. "ಆ ಲಾಭದ ಸಾಲು ನಿಂದು ಅನ್ನೂದು ನನಗ ತಿಳೀಲಿಲ್ಲವಾ. ನಾ ಕೇಳಬೇಕಾಗಿತ್ತು. ಅವತ್ತ ಕೇಳಿದ್ದರ ನಿನ್ನ ಬೆರಳ ಉಳೀತಿದ್ವು."

ಅವಳು ನಕ್ಕಳು. ಸಿಟ್ಟಿನ ನಗೆಯಲ್ಲ. "ನನಗ ಗೊತ್ತಿತ್ತಲ್ರಿ ಅಕ್ಕಾರ, ಲಾಭಾ ನಾನಽ ಅಂತ. ನೀವು ಎಣಿಕಿಗೆ ಇಲ್ಲ ಅಂದ್ರಿ. ನನಗೂ ಸಮಾಧಾನ ಆತು. ಹೆಚ್ಚ ತಿಳೀತೈತಿ ಅಂತ ಹೇಳಾಕಿ ನಾನು, ನನಗಽ ತಿಳೀಲಿಲ್ಲ ಅಂದರ ನಾಚಿಕಿ ಆಗಿತ್ತು." ಮತ್ತೆ ಹೇಳಿದಳು: "ನನ್ನ ಜಾಗಾದಾಗ ನಿಮ್ಮ ಕೈ ಹಾಕಿದ್ರಿ. ನಾನಽ ಪಿನ್ನ ಹಚ್ಚಿ ನೋಡಿದ್ನಲ್ರಿ. ಮೂವತ್ತೆಂಟು, ನಲವತ್ತೊಂದು, ಮೂವತ್ತೆಂಟು. ನಿಮ್ಮ ಕೈ ಛಲೋ ಇತ್ತು."

ಆ ಅಂಕಿಗಳು ಅವಳಿಗೆ ಬಾಯಿಪಾಠವಾಗಿದ್ದವು. ಅಷ್ಟು ವರ್ಷ ಜೋಮು ಹಿಡಿದಿದ್ದದ್ದು ಆಗ ಬಿಟ್ಟಿತು. ಜೋಮು ಬಿಡುವಾಗ ಹಿಡಿದದ್ದಕ್ಕಿಂತ ಹೆಚ್ಚು ನೋಯುತ್ತದೆ. ಬಸ್‌ಸ್ಟ್ಯಾಂಡಿನ ಮಂದಿಯ ಮುಂದೆ ನಾನು ಅತ್ತೆ, ನಮ್ಮ ಮನೆಯ ಬಾಗಿಲು ಕೀಳುವಾಗ ಅಳದವಳು. ಸೆರಗಿನೊಳಗಿನಿಂದ ಅವಳ ಬಲಗೈಯನ್ನು ಹೊರಗೆಳೆದು ಮಡಚಿದ ಆ ಎರಡು ಬೆರಳನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೆರಳು ಬೆಚ್ಚಗಿದ್ದವು.

ಅವಳು ತಲೆ ಬಗ್ಗಿಸಿ ನಮ್ಮ ಕೈಗಳನ್ನು ನೋಡಿದಳು.

"ಹಿಡಕೊಂಡೀರಿ ಅಂತ ಕಾಣಸಾಕತ್ತೈತ್ರಿ ಅಕ್ಕಾರ" ಎಂದಳು. "ತಿಳಿಯಾಕ ಹತ್ತಿಲ್ಲ."

ಬನಹಟ್ಟಿ ಬಸ್ಸು ಬರುವವರೆಗೂ ನಾನು ಹಿಡಿದೇ ಇದ್ದೆ.